ಶಾಂತಲೆ ಬೆಟ್ಟದಿಂದ ಹಾರಿದಳೇ?

ಮೇಡಂ, ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಏಳನೇ ತರಗತಿಯ ಮಕ್ಕಳನ್ನು ಶಿವಗಂಗೆಗೆ ಕರೆದುಕೊಂಡು ಹೋಗಿದ್ದಿರಿ. ಬೆಟ್ಟದ ತುದಿಯಲ್ಲಿ, ಶಾಂತಲೆ ಹಾರಿದ ಜಾಗ ಅಂತ ಎಲ್ಲರೂ ತೋರಿಸುವ ಬಂಡೆಯ ಹತ್ತಿರ, ಒಬ್ಬ ಹುಡುಗಿ ಕೇಳಿದಳು: "ಗಂಡು ಮಗು ಆಗಲಿಲ್ಲ ಅಂತ ರಾಣಿ ಸತ್ತು ಹೋದ್ರಾ ಮಿಸ್?" ನಿಮಗೆ ಏನು ಹೇಳಬೇಕೋ ತೋಚಲಿಲ್ಲ. ಮನೆಗೆ ಬಂದು ನೋಡಿದರೆ ನಮ್ಮ ಕಳೆದ ಸಂಚಿಕೆಯ ಪ್ರವಾಸ ಲೇಖನದಲ್ಲೂ ಅದೇ ಕಥೆ. ಇದಕ್ಕೆ ಆಧಾರ ಏನು ಅಂತ ಕೇಳಿದ್ದೀರಿ.

ಆಧಾರ ಇಲ್ಲ. ಆ ಸಾಲನ್ನು ಹಾಗೇ ಅಚ್ಚಿಗೆ ಬಿಟ್ಟಿದ್ದು ನನ್ನ ತಪ್ಪು. ಕ್ಷಮಿಸಿ.

ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆ ತೀರಿಕೊಂಡಿದ್ದು ಶಿವಗಂಗೆಯಲ್ಲೇ. ಅದು ನಿಜ. ಶ್ರವಣಬೆಳಗೊಳದ ಶಾಸನವೇ ಅದನ್ನು ಹೇಳುತ್ತದೆ. ಇಸವಿ 1131, ಚೈತ್ರ ಮಾಸ. ಶಿವಗಂಗೆಯ ತೀರ್ಥದಲ್ಲಿ ಮುಡಿಪಿ ಸ್ವರ್ಗಕ್ಕೆ ಸಂದಳು ಅನ್ನುವ ಅರ್ಥದ ಮಾತು ಅಲ್ಲಿದೆ. ಬಂಡೆಯ ಸುದ್ದಿ ಇಲ್ಲ, ಹಾರಿದ ಸುದ್ದಿ ಇಲ್ಲ, ಮಗುವಿಲ್ಲದ ದುಃಖದ ಸುದ್ದಿಯೂ ಇಲ್ಲ. ಈ 'ಮುಡಿಪು' ಅನ್ನುವುದು ಜೈನ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಮಾತು. ಅನ್ನ ನೀರು ಬಿಟ್ಟು, ವ್ರತ ಹಿಡಿದು ದೇಹ ಬಿಟ್ಟವರ ಬಗ್ಗೆ ಹಾಗೆ ಬರೆಯುತ್ತಿದ್ದರು. ಶಾಂತಲೆ ಕೊನೆಯವರೆಗೂ ಜೈನಳಾಗಿಯೇ ಇದ್ದವಳು. ಹಾಗಾಗಿ ಆಕೆಯ ಸಾವನ್ನೂ ಸಲ್ಲೇಖನ, ಅಂದರೆ ಹೀಗೆ ಉಪವಾಸದಿಂದ ದೇಹ ಬಿಡುವ ಜೈನರ ವ್ರತ, ಅಂತ ತಿಳಿಯುವುದೇ ನನಗೆ ಸರಿ ಕಾಣುತ್ತದೆ.

ಸವತಿ ಲಕ್ಷ್ಮೀದೇವಿಗೆ ಗಂಡು ಮಗು ಹುಟ್ಟಿದ ಸಂಕಟಕ್ಕೆ ಹಾರಿದಳು ಅಂತಲೂ ಕೆಲವರು ಹೇಳುತ್ತಾರೆ. ಇದು ಕಾಲಕ್ಕೇ ಹೊಂದುವುದಿಲ್ಲ. ಆ ಮಗು ನರಸಿಂಹ, ಮುಂದೆ ರಾಜನಾದವನು. ಹಳೇಬೀಡಿನ ಪಾರ್ಶ್ವನಾಥ ಬಸದಿಯ ಶಾಸನದಲ್ಲಿ ಅವನು ಹುಟ್ಟಿದ ಸುದ್ದಿ ಇದೆ. ಯುದ್ಧ ಗೆದ್ದ ಸಂತೋಷ, ಮಗ ಹುಟ್ಟಿದ ಸಂತೋಷ ಎರಡೂ ಒಟ್ಟಿಗೇ ಬಂದವು ಅಂತ ರಾಜ ಆ ದೇವರಿಗೆ ವಿಜಯಪಾರ್ಶ್ವ ಅಂತಲೂ ಮಗುವಿಗೆ ವಿಜಯನರಸಿಂಹ ಅಂತಲೂ ಹೆಸರಿಟ್ಟ. ಅದು 1133. ಶಾಂತಲೆ ಹೋಗಿ ಅಷ್ಟೊತ್ತಿಗೆ ಎರಡು ವರ್ಷ.

ಆದರೆ ಮೇಡಂ, ನನಗೆ ಹೆಚ್ಚು ಬೇಜಾರಾಗುವುದು ಬೇರೆ ವಿಷಯಕ್ಕೆ. ಆಕೆ ಹೇಗೆ ಸತ್ತಳು ಅನ್ನುವುದು ನಮಗೆಲ್ಲ ಬಾಯಿಪಾಠ. ಹೇಗೆ ಬದುಕಿದಳು ಅನ್ನುವುದು ಕಲ್ಲಿನ ಮೇಲೆ ಬರೆದಿಟ್ಟಿದ್ದರೂ ಓದುವವರು ಕಮ್ಮಿ. ಅಪ್ಪ ಮಾರಸಿಂಗಯ್ಯ ಶಿವಭಕ್ತ. ಅಮ್ಮ ಮಾಚಿಕಬ್ಬೆ ಜಿನಭಕ್ತೆ. ಗಂಡ ವಿಷ್ಣುಭಕ್ತ. ಆಕೆಯ ಗುರು ಪ್ರಭಾಚಂದ್ರ ಸಿದ್ಧಾಂತದೇವರು. ಬೇಲೂರಿನ ದೊಡ್ಡ ಗುಡಿಯ ದಕ್ಷಿಣಕ್ಕೆ, ಅದೇ ಪ್ರಾಕಾರದಲ್ಲಿ, ಕಪ್ಪೆ ಚೆನ್ನಿಗರಾಯನ ಗುಡಿ ಇದೆ ನೋಡಿ, ಅದನ್ನು ಮಾಡಿಸಿದ್ದು ಈ ಜೈನ ರಾಣಿ. ಜನ ಚೆನ್ನಕೇಶವನನ್ನು ನೋಡಿಕೊಂಡು, ಇದನ್ನು ಹೊರಗಿನಿಂದಲೇ ನೋಡಿ ಬಸ್ಸಿಗೆ ಓಡುತ್ತಾರೆ. ಹಳೇಬೀಡಿನ ಜೋಡಿ ಗುಡಿಯಲ್ಲಿ ಒಂದು ಲಿಂಗದ ಹೆಸರೇ ಶಾಂತಲೇಶ್ವರ. ಹಾಡು, ವಾದ್ಯ, ಕುಣಿತ ಮೂರರಲ್ಲೂ ಆಕೆ ಸೂತ್ರಧಾರೆ ಅಂತ ಶಾಸನ ಹೊಗಳುತ್ತದೆ. ಬುದ್ಧಿಯಲ್ಲಿ ಬೃಹಸ್ಪತಿ ಅನ್ನುತ್ತದೆ.

ಇನ್ನೊಂದು ಬಿರುದು ನನಗೆ ಬಹಳ ಇಷ್ಟ: ಸವತಿಗಂಧವಾರಣೆ. ಗಂಧವಾರಣ ಅಂದರೆ ಮದ್ದಾನೆ. ಸವತಿಯರ ಪಾಲಿಗೆ ಮದ್ದಾನೆಯಂಥವಳು! 1123ರಲ್ಲಿ ಆಕೆ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಬಸದಿ ಕಟ್ಟಿಸಿ, ಶಾಂತಿನಾಥನನ್ನು ನಿಲ್ಲಿಸಿದಳು. ಅದರ ಖರ್ಚಿಗೆ ಒಂದು ಊರನ್ನೇ ಬಿಟ್ಟುಕೊಟ್ಟಳು. ಆ ಬಸದಿಗೆ ಸವತಿಗಂಧವಾರಣ ಬಸದಿ ಅಂತಲೇ ಹೆಸರು. ಬಮ್ಮಲದೇವಿ, ರಾಜಲದೇವಿ, ಲಕ್ಷ್ಮೀದೇವಿ ಅಂತ ಬೇರೆ ರಾಣಿಯರಿದ್ದ ಅರಮನೆ ಅದು. ಅಂಥ ಕಡೆ ಈ ಹೆಸರನ್ನು ದೇವರ ಮನೆಗೇ ಇಡುವುದು ಅಂದರೆ ಸಣ್ಣ ಮಾತಲ್ಲ ಅಲ್ವಾ? ಇಂಥವಳು ಸವತಿಯ ಸಂಕಟಕ್ಕೆ ಪ್ರಾಣ ಬಿಟ್ಟಳು ಅಂದರೆ ನನ್ನ ಮನಸ್ಸು ಒಪ್ಪುವುದಿಲ್ಲ. ಇದು ಪುರಾವೆ ಅಲ್ಲ, ನನ್ನ ಅನಿಸಿಕೆ. ಪುರಾವೆಯನ್ನು ಮೇಲೆ ಹೇಳಿದ್ದೇನೆ.

ಹಾಗಂತ ಆ ಹುಡುಗಿಗೆ "ಅದೆಲ್ಲ ಸುಳ್ಳು" ಅಂತ ಸುಮ್ನೆ ಹೇಳಿ ಮುಗಿಸಬೇಡಿ. ಬೆಟ್ಟ ಹತ್ತಿದ ಮಗುವಿಗೆ ಒಂದು ಕಥೆ ಬೇಕು. ಮಾಚಿಕಬ್ಬೆಯ ಕಥೆ ಹೇಳಿ. ಇದು ಶಾಂತಲೆಯ ಸಾವಿನ ಸುದ್ದಿ ಇರುವ ಅದೇ ಶಾಸನದಲ್ಲಿದೆ. ಮಗಳು ಹೋದ ಸುದ್ದಿ ತಾಯಿಗೆ ಮುಟ್ಟಿತು. ಅರಸಿ ದೇವಲೋಕಕ್ಕೆ ಹೋದಳು, ನಾನಿನ್ನು ಇರಲಾರೆ ಅಂದಳಂತೆ. ಮಗಳು ಅಂತ ಅಲ್ಲ, ಅರಸಿ ಅಂತ. ಆ ಒಂದು ಮಾತಿಗೆ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ. ಆಕೆ ಬೆಳಗೊಳಕ್ಕೆ ಬಂದಳು. ಗುರುಗಳ ಎದುರು ಸನ್ಯಾಸನ, ಅಂದರೆ ಅನ್ನ ನೀರು ಬಿಡುವ ಅದೇ ವ್ರತ, ಹಿಡಿದಳು. ಕಣ್ಣು ಅರ್ಧ ಮುಚ್ಚಿ, ಪಂಚನಮಸ್ಕಾರ ಜಪಿಸುತ್ತಾ, ಒಂದು ತಿಂಗಳು ಉಪವಾಸ ಇದ್ದು ದೇಹ ಬಿಟ್ಟಳು.

ಮುಂದಿನ ವರ್ಷ ಪ್ರವಾಸ ಇಟ್ಟುಕೊಂಡರೆ ಶ್ರವಣಬೆಳಗೊಳದಲ್ಲಿ ಮಕ್ಕಳನ್ನು ದೊಡ್ಡಬೆಟ್ಟದಿಂದ ಇಳಿಸಿದ ಮೇಲೆ ಚಿಕ್ಕಬೆಟ್ಟಕ್ಕೂ ಹತ್ತಿಸಿ. ಮೆಟ್ಟಿಲು ಜಾಸ್ತಿ ಇಲ್ಲ. ಬೆಳಗ್ಗೆಯೇ ಹೋಗಿ, ಮಧ್ಯಾಹ್ನ ಬಂಡೆ ಕಾಯುತ್ತದೆ. ಸವತಿಗಂಧವಾರಣ ಬಸದಿ ಎಲ್ಲಿ ಅಂತ ಕೇಳಿದರೆ ತೋರಿಸುತ್ತಾರೆ. ಆ ಹುಡುಗಿ ಅಲ್ಲಿ ಏನು ಕೇಳಿದಳು ಅಂತ ದಯವಿಟ್ಟು ನನಗೆ ಬರೆದು ತಿಳಿಸಿ.

– ಸಂಪಾದಕ