ಕಾರ್ ಶೆಡ್ಡಿಗೆ ಟೈಲ್ಸ್ ಬೇಡ, ಕಾಂಕ್ರೀಟೇ ಸಾಕು

ಹೊಸನಗರದ ಕಡೆ ಮನೆ, 12×18 ಅಡಿಯ ಶೆಡ್, ಒಂದು ಕಾರು, ಒಂದು ಬೈಕು. ಟೈಲ್ಸ್ ಹಾಕಿಸಲೋ, ಎಪಾಕ್ಸಿ (ನೆಲಕ್ಕೆ ಬಳಿಯುವ ಗಟ್ಟಿ ಬಣ್ಣ) ಬಳಿಸಲೋ ಅಂತ ಕೇಳಿದ್ದೀರಿ. ನನ್ನ ಕೇಳಿದರೆ ಎರಡೂ ಬೇಡ.

ನಾನು ತೀರ್ಥಹಳ್ಳಿಯ ಮನೆಯಲ್ಲಿ ಮೊದಲು ಎಪಾಕ್ಸಿಯನ್ನೇ ಬಳಿಸಿದ್ದೆ. ಒಂದೇ ಮಳೆಗಾಲಕ್ಕೆ ಹಪ್ಪಳದ ಹಾಗೆ ಉಬ್ಬಿ ಎದ್ದು ಬಂತು. ತಪ್ಪು ಬಣ್ಣದ್ದಲ್ಲ, ನೆಲದಡಿಯಿಂದ ಏರುವ ಥಂಡಿಯದ್ದು. ನಯವಾದ ಟೈಲ್ಸಿನ ಮೇಲೆ ಒದ್ದೆ ಚಪ್ಪಲಿ ಕಾಲಿಟ್ಟರೆ ಸೊಂಟ ಹೋಯ್ತು ಅಂತಲೇ ಲೆಕ್ಕ. ಅಡಿಯಲ್ಲಿ ಗಾರೆ ಟೊಳ್ಳಿದ್ದರೆ ಟೈರು ಹತ್ತಿದ ದಿನವೇ ಬಿರುಕು.

ಮಣ್ಣಿಗೆ ನೀರು ಹಾಕಿ ಚೆನ್ನಾಗಿ ದಮ್ಮಸ್ಸು ಮಾಡಿಸಿ. ಮೇಲೆ ಜಲ್ಲಿ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಶೀಟ್. ಮೇಸ್ತ್ರಿ 'ಇದೆಲ್ಲ ಯಾಕೆ ಸಾರ್' ಅಂದೇ ಅಂತಾರೆ, ಬಿಡಬೇಡಿ. ಥಂಡಿ ತಡೆಯೋದು ಅದೇ. ಆಮೇಲೆ 1:1.5:3 ಮಿಶ್ರಣದ (ಸಿಮೆಂಟ್, ಮರಳು, ಜಲ್ಲಿ) ಕಾಂಕ್ರೀಟ್, 4 ಇಂಚು ದಪ್ಪ. ನಿಮ್ಮ ಅಳತೆಗೆ ಸುಮಾರು 17 ಚೀಲ ಸಿಮೆಂಟ್ ಬೇಕು. ಬಾಗಿಲ ಕಡೆಗೆ 2 ಇಂಚು ಇಳಿಜಾರು ಇರಲಿ, ಕಾರಿನಿಂದ ಸೋರಿದ ನೀರು ತಾನೇ ಹೊರಗೆ ಹೋಗುತ್ತೆ. ಹಸಿಯಿದ್ದಾಗಲೇ ಕಸಬರಿಗೆಯಿಂದ ಅಡ್ಡಗೆರೆ ಎಳೆಸಿ, ಜಾರೋದಿಲ್ಲ. ಕನಿಷ್ಠ 10 ದಿನ ಗೋಣಿಚೀಲ ಹೊದಿಸಿ ನೀರುಣಿಸಿ. ಕಾರು ಮಾತ್ರ 28 ದಿನ ಅಂಗಳದಲ್ಲೇ ಇರಲಿ.

ಚಂದ ಕಾಣಲೇಬೇಕು ಅಂದರೆ ಮುಂಭಾಗಕ್ಕಷ್ಟೇ ಒರಟು ಮೈಯ ಪಾರ್ಕಿಂಗ್ ಟೈಲ್ಸ್ ಹಾಕಿಸಿ. ಹೇಗೂ ಕೊಯ್ಲಿನ ಹೊತ್ತಿಗೆ ಕಾರು ಹೊರಗೆ, ಅಡಿಕೆ ಮೂಟೆ ಒಳಗೆ ತಾನೆ? ಮೂಟೆಯ ಅಡಿಗೆ ಹಲಗೆ ಮರೆಯಬೇಡಿ.