ಒಂದು ಔಷಧ, ಹಲವು ಗುರಿಗಳು

ಪ್ರಶ್ನೆ: ವಿಜ್ಞಾನಿಯೊಬ್ಬರು ‘ನೆಟ್‌ವರ್ಕ್ ಫಾರ್ಮಕಾಲಜಿ ಮತ್ತು ನರರೋಗಗಳು’ ಎಂಬ ಕ್ಷೇತ್ರದಲ್ಲಿ ಹಲವಾರು ಪ್ರಬಂಧಗಳನ್ನು ಪ್ರಕಟಿಸಿರುವುದನ್ನು ಓದಿದೆ. ಇದು ಯಾವ ಬಗೆಯ ಸಂಶೋಧನೆ? ಅದರ ಮೌಲ್ಯವನ್ನು ಸಾಮಾನ್ಯ ಓದುಗರು ಹೇಗೆ ತಿಳಿಯಬೇಕು?

ಉತ್ತರ: ಒಂದು ರೋಗಕ್ಕೆ ಒಂದು ಪ್ರೋಟೀನನ್ನು ಗುರಿಯಾಗಿಸಿದ ಒಂದು ಔಷಧ ಸಾಕು ಎಂಬ ಎಣಿಕೆಯ ಮೇಲೆ ಔಷಧ ಸಂಶೋಧನೆ ಬಹುಕಾಲ ನಡೆಯಿತು. ಆದರೆ ಆಲ್‌ಝೈಮರ್ ಕಾಯಿಲೆಯಲ್ಲಿ ಅಮೈಲಾಯ್ಡ್ ಎಂಬ ಪ್ರೋಟೀನಿನ ಶೇಖರಣೆ, ಟೌ ಪ್ರೋಟೀನಿನ ವಿಕಾರ, ಮಿದುಳಿನ ಉರಿಯೂತ, ನರಕೋಶಗಳ ನಡುವಿನ ಸಂಪರ್ಕನಾಶ ಇವೆಲ್ಲವೂ ಒಂದರೊಡನೊಂದು ಹೆಣೆದುಕೊಂಡಿರುತ್ತವೆ. ಜೀನ್, ಪ್ರೋಟೀನ್ ಮತ್ತು ಔಷಧಗಳ ಇಂಥ ಸಂಬಂಧಗಳನ್ನು ಕಂಪ್ಯೂಟರಿನಲ್ಲಿ ಒಂದು ಜಾಲವಾಗಿ ರೂಪಿಸಿ, ಯಾವ ಕೆಲವು ಗುರಿಗಳ ಮೇಲೆ ಏಕಕಾಲಕ್ಕೆ ಪ್ರಭಾವ ಬೀರಿದರೆ ರೋಗದ ಗತಿ ಬದಲಾಗಬಹುದೆಂದು ಹುಡುಕುವುದೇ ನೆಟ್‌ವರ್ಕ್ ಫಾರ್ಮಕಾಲಜಿ. ಔಷಧ ವಿಜ್ಞಾನಿ ಆಂಡ್ರ್ಯೂ ಹಾಪ್ಕಿನ್ಸ್ 2007ರಲ್ಲಿ ಈ ಹೆಸರನ್ನು ಬಳಕೆಗೆ ತಂದರು. ಫ್ಲೂ ಜ್ವರಕ್ಕೆಂದು ಬಂದ ಅಮಾಂಟಡೀನ್ ಪಾರ್ಕಿನ್‌ಸನ್ ರೋಗಿಗಳಿಗೂ ನೆರವಾಗುತ್ತದೆಂಬುದು 1960ರ ದಶಕದ ಕೊನೆಯಲ್ಲಿ ಆಕಸ್ಮಿಕವಾಗಿ ತಿಳಿಯಿತು. ಅಂಥ ಮರುಬಳಕೆಯನ್ನು ಲೆಕ್ಕಾಚಾರದಿಂದಲೇ ಮೊದಲು ಊಹಿಸುವುದು ಈ ಕ್ಷೇತ್ರದ ದೊಡ್ಡ ಆಸೆ.

ಪ್ರಬಂಧಗಳ ಸಂಖ್ಯೆಯೊಂದೇ ಅಳತೆಗೋಲಾಗಬಾರದೆಂಬುದು ನನ್ನ ದೃಢ ಅಭಿಪ್ರಾಯ. ಸಾರ್ವಜನಿಕ ದತ್ತಾಂಶ ಕೋಶಗಳಿಂದ ಇಂಥ ಜಾಲಚಿತ್ರಗಳನ್ನು ಪ್ರಯೋಗಾಲಯಕ್ಕೆ ಕಾಲಿಡದೆಯೂ ಸಿದ್ಧಪಡಿಸಬಹುದಾದ್ದರಿಂದ, ಆ ಊಹೆಗಳನ್ನು ಜೀವಕೋಶಗಳಲ್ಲಿ ಮತ್ತು ಪ್ರಾಣಿಗಳಲ್ಲಿ ಪರೀಕ್ಷಿಸಲಾಗಿದೆಯೇ, ಸೂಚಿಸಿದ ಅಣುವು ರಕ್ತ ಮತ್ತು ಮಿದುಳಿನ ನಡುವಿನ ತಡೆಯನ್ನು ದಾಟಿ ಸಾಕಷ್ಟು ಪ್ರಮಾಣದಲ್ಲಿ ಒಳಸೇರುತ್ತದೆಯೇ, ಬೇರೆ ತಂಡಗಳಿಗೂ ಅದೇ ಫಲಿತಾಂಶ ದೊರೆತಿದೆಯೇ ಎಂಬುದನ್ನು ನೋಡಬೇಕು. ನರರೋಗಗಳಲ್ಲಿ ಎರಡನೆಯ ಪ್ರಶ್ನೆಯೇ ಅತ್ಯಂತ ಕಠಿಣವಾದುದು, ಏಕೆಂದರೆ ಆ ತಡೆಯು ಬಹುಪಾಲು ಅಣುಗಳನ್ನು ಒಳಗೆ ಬಿಡುವುದಿಲ್ಲ.