‘ಸ್ರೋತಸ್ಸು ಕಟ್ಟಿದೆ’ ಅಂದರೆ ಹಾರ್ಟ್ ಬ್ಲಾಕಾ?

ಪ್ರಶ್ನೆ: ನನಗೆ 46 ವರ್ಷ. ಮೂರು ವಾರದಿಂದ ಮೈ ಭಾರ, ಊಟ ರುಚಿಸಲ್ಲ. ಆಯುರ್ವೇದ ವೈದ್ಯರು ‘ಸ್ರೋತಸ್ಸು ಕಟ್ಟಿದೆ’ ಎಂದರು. ಅವತ್ತಿನಿಂದ ನಿದ್ದೆಯಿಲ್ಲ. ಇದು ರಕ್ತನಾಳದ ಬ್ಲಾಕಾ? ಆಂಜಿಯೋಗ್ರಾಂ ಮಾಡಿಸಬೇಕಾ?
– ಓದುಗರು, ದಾವಣಗೆರೆ

ಉತ್ತರ: ಗಾಬರಿ ಬೇಡ. ಆ ಮಾತಿನ ಅರ್ಥ ಹಾರ್ಟ್ ಬ್ಲಾಕ್ ಅಲ್ಲ.

ಸ್ರೋತಸ್ಸು ಅಂದರೆ ಹರಿಯುವ ದಾರಿ. ಆಯುರ್ವೇದದ ಹಳೆಯ ಗ್ರಂಥ ಚರಕ ಸಂಹಿತೆಯಲ್ಲಿ ‘ವಿಮಾನಸ್ಥಾನ’ ಎಂಬ ಭಾಗದ 5ನೇ ಅಧ್ಯಾಯ ಪೂರ್ತಿ ಇದರದ್ದೇ. ಅಲ್ಲಿ ಹೇಳಿರುವುದು 13 ದಾರಿ. ಉಸಿರು, ನೀರು, ಅನ್ನಕ್ಕೆ ಮೂರು. ರಸ, ರಕ್ತ, ಮಾಂಸದಂಥ, ಮೈ ಕಟ್ಟುವ ಏಳು ಧಾತುಗಳಿಗೆ ಏಳು. ಮೂತ್ರ, ಮಲ, ಬೆವರಿಗೆ ಮೂರು. ರಕ್ತದ್ದು ಅದರಲ್ಲಿ ಒಂದು ಅಷ್ಟೆ. ತಾವರೆ ದಂಟನ್ನು ಅಡ್ಡಡ್ಡ ಕೊಯ್ದು ನೋಡಿದ್ದೀರಾ? ಒಳಗೆಲ್ಲ ಸಣ್ಣ ದೊಡ್ಡ ತೂತು. ರಸ ಮೈಯೆಲ್ಲ ಹರಡುವ ದಾರಿಗಳನ್ನು ವಿವರಿಸಲು ಆಯುರ್ವೇದದ ಇನ್ನೊಬ್ಬ ಪ್ರಾಚೀನ ಆಚಾರ್ಯ ಸುಶ್ರುತ ಹಿಡಿದದ್ದು ಇದೇ ದಂಟನ್ನು.

ಈ ದಾರಿಗಳು ನಾಲ್ಕು ರೀತಿ ಕೆಡುತ್ತವೆ. ಹರಿವು ಜಾಸ್ತಿಯಾಗಬಹುದು, ಕಟ್ಟಿಕೊಳ್ಳಬಹುದು, ಗಂಟಾಗಬಹುದು, ದಾರಿ ತಪ್ಪಬಹುದು. ನಿಮ್ಮ ವೈದ್ಯರು ಹೇಳಿದ್ದು ಎರಡನೆಯದು. ಅದಕ್ಕೆ ‘ಸಂಗ’ ಅಂತಾರೆ.

ಮೈ ಭಾರ, ಅರುಚಿ ಎರಡೂ ಒಟ್ಟಿಗೆ ಬಂದರೆ ನನ್ನ ಗಮನ ಮೊದಲು ಹೋಗುವುದು ರಸವಹ ಸ್ರೋತಸ್ಸಿನ ಕಡೆಗೆ. ರಸ ಅಂದರೆ ಉಂಡದ್ದು ಅರಗಿದ ಮೇಲೆ ಮೊದಲು ಸಿಗುವ ಸಾರ. ಇದರ ಮೂಲ ಹೃದಯ ಅಂತ ಗ್ರಂಥ ಹೇಳುತ್ತದೆ. ಬಹುಶಃ ನಿಮಗೆ ಗೊಂದಲವಾಗಿದ್ದು ಇಲ್ಲೇ. ಇದು ಕೆಡಲು ಚರಕ ಕೊಡುವ ಕಾರಣ ಕೇಳಿ: ಜಡವಾದ, ತಣ್ಣನೆಯ, ಜಿಡ್ಡಿನ ಊಟವನ್ನು ಅಳತೆ ಮೀರಿ ಉಣ್ಣುವುದು, ಜೊತೆಗೆ ಅತಿಯಾದ ಚಿಂತೆ. ಹೌದು, ಬರೀ ಚಿಂತೆಯಿಂದಲೂ ಈ ದಾರಿ ಕೆಡುತ್ತದೆ. ನೀವು ರಾತ್ರಿಯೆಲ್ಲ ಎದ್ದು ಕೂತು ಮಾಡುತ್ತಿರುವುದು ಅದನ್ನೇ ಅಲ್ವಾ?

ರಸದ ತೊಂದರೆಗೆ ಹೇಳಿರುವ ಔಷಧಿ ಲಂಘನ, ಅಂದರೆ ಹೊಟ್ಟೆಗೆ ಬಿಡುವು. ಹಸಿವಾದಾಗ ಮಾತ್ರ ಬಿಸಿ ಗಂಜಿ, ತೆಳು ಸಾರು. ರಾತ್ರಿ ಊಟ ಬೇಗ. ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುತ್ತಿದ್ದರೆ ವೈದ್ಯರನ್ನು ಕೇಳದೆ ಊಟ ಬಿಡಬೇಡಿ.

ಆದರೆ ಎದೆ ಹಿಂಡಿದ ಹಾಗಾಗುವುದು, ಮೆಟ್ಟಿಲು ಹತ್ತಿದರೆ ಏದುಸಿರು, ತಣ್ಣನೆ ಬೆವರು ಇದ್ದರೆ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಇವು ಇಲ್ಲದಿದ್ದರೂ ಮೂರು ವಾರ ಆಗಿರುವುದರಿಂದ ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್, ಲಿವರ್ ಪರೀಕ್ಷೆ ಮಾಡಿಸಿಬಿಡಿ. ಆಂಜಿಯೋಗ್ರಾಂ ಬೇಕೋ ಬೇಡವೋ ಎನ್ನುವುದನ್ನು ಹೃದಯ ತಜ್ಞರು ನೋಡಿ ಹೇಳಬೇಕು.

ಮುಂದಿನ ಸಲ ನಿಮ್ಮ ವೈದ್ಯರ ಹತ್ತಿರ ಹೋದಾಗ ಸಂಕೋಚ ಬಿಟ್ಟು ಕೇಳಿ: ‘13ರಲ್ಲಿ ಯಾವ ಸ್ರೋತಸ್ಸು ಡಾಕ್ಟ್ರೇ?’